ತಿರುಗಿ ಹರಿದ ನದಿ, ತಿಪಟೂರಿನ ಕಿರ್ದಿ

ಊರಿನಿಂದ ಯಾರೇ ಬಂದರೂ ಅವರನ್ನು ಷಿಕಾಗೊ ಡೌನ್‌ಟೌನಿಗೆ ಕರೆದೊಯ್ದು, ನದಿಯ ಸೇತುವೆಯ ಮೇಲೆ ನಿಲ್ಲಿಸಿ ನಾನೊಂದು ಕಥೆ ಹೇಳುತ್ತಿದ್ದೆ. ಈ ನದಿ ಹಿಂದೆ ಮಿಷಿಗನ್ ಸರೋವರಕ್ಕೆ ಹರಿಯುತ್ತಿತ್ತು, ಈಗ ಸರೋವರದಿಂದ ಹೊರಕ್ಕೆ ಹರಿಯುತ್ತಿದೆ. 1885ರಲ್ಲಿ ಭಾರಿ ಮಳೆ ಬಂದು ನದಿಯ ಕೊಳಕೆಲ್ಲ ಕುಡಿಯುವ ನೀರಿಗೆ ಸೇರಿತು, ಕಾಲರಾ ಮತ್ತು ಟೈಫಾಯ್ಡ್ ಹರಡಿ 90,000 ಜನ ಸತ್ತರು, ಅದಕ್ಕೇ ನದಿಯನ್ನು ತಿರುಗಿಸಿದರು. ಬಂದವರು ಕಣ್ಣರಳಿಸಿ ಕೇಳಿ, ಫೋಟೋ ತೆಗೆಸಿಕೊಂಡು ಊಟಕ್ಕೆ ಹೊರಡುತ್ತಿದ್ದರು.

ಆರು ವರ್ಷಗಳ ಹಿಂದೆ ಅಪ್ಪ ಬಂದಾಗಲೂ ಅದನ್ನೇ ಹೇಳಿದೆ. ಅಪ್ಪ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕಂಬಿಗೆ ಕೈಯೂರಿ ನೀರನ್ನು ನೋಡುತ್ತಾ ಕೇಳಿದರು: "ಆವಾಗ ಈ ಊರಲ್ಲಿ ಜನ ಎಷ್ಟಿದ್ರು?"

"ಏಳೂವರೆ ಲಕ್ಷ ಇರಬಹುದು ಅಪ್ಪಾ."

"ಅಂದ್ರೆ ಎಂಟು ಜನಕ್ಕೆ ಒಬ್ಬರು ಸತ್ತಂಗಾಯ್ತು. ಅಷ್ಟು ಜನನ್ನ ಹೂಳಿದ್ದೆಲ್ಲಿ ಮಗಾ?"

ನಾನು ಬಿ.ಕಾಂ. ಮುಗಿಸಿ ಸಿ.ಎ. ಮಾಡಿದವನು. ಪ್ರತಿ ಅಂಕಿಗೂ ವೋಚರ್ ಎಲ್ಲಿ ಎಂದು ಬೇರೆಯವರನ್ನು ಕೇಳುವುದೇ ನನ್ನ ಅನ್ನದ ದಾರಿ. ಹತ್ತು ವರ್ಷ ವೋಚರ್ ಇಲ್ಲದ ಅಂಕಿಯನ್ನು ಹೇಳಿಕೊಂಡು ತಿರುಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಆ ವಾರವೇ ಓದಲು ಕುಳಿತೆ.

1885ರ ಆಗಸ್ಟಿನಲ್ಲಿ ದೊಡ್ಡ ಮಳೆ ಬಂದದ್ದು ನಿಜ, ಕೊಳಕು ನೀರು ಸರೋವರದತ್ತ ನುಗ್ಗಿದ್ದೂ ನಿಜ. ಆದರೆ ಆ ವರ್ಷ ಷಿಕಾಗೊದಲ್ಲಿ ಕಾಲರಾ ಬರಲೇ ಇಲ್ಲ. ಸಾವಿನ ದಾಖಲೆಗಳಲ್ಲಿ ಅಂಥ ಏರಿಕೆಯೇ ಇಲ್ಲ. ಎಷ್ಟೋ ವರ್ಷಗಳ ನಂತರ ಯಾರೋ ಬರೆದ ಅಂಕಿ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ನನ್ನ ಬಾಯಿಗೂ ಬಂದಿತ್ತು. ನಿಜವಾದ ಲೆಕ್ಕ 1891ರದು. ಆ ವರ್ಷ ಈ ನಗರದಲ್ಲಿ ಟೈಫಾಯ್ಡಿಗೆ ಸುಮಾರು 2,000 ಜನ ಬಲಿಯಾದರು, ಅಂದರೆ ಪ್ರತಿ ಲಕ್ಷಕ್ಕೆ 174. ತೊಂಬತ್ತು ಸಾವಿರದ ಪಕ್ಕದಲ್ಲಿ ಎರಡು ಸಾವಿರ ಸಣ್ಣದಾಗಿ ಕಂಡೀತು. ಆದರೆ ಈ ಎರಡು ಸಾವಿರ ಮಂದಿ ನಿಜವಾಗಿ ಇದ್ದವರು, ಸತ್ತವರು.

ಅವರನ್ನು ಕೊಂದ ಜೀವಿಯ ಹೆಸರು ಸಾಲ್ಮೊನೆಲ್ಲಾ ಟೈಫಿ. ಇದಕ್ಕೆ ಮನುಷ್ಯನನ್ನು ಬಿಟ್ಟರೆ ಬೇರೆ ಆತಿಥೇಯನಿಲ್ಲ. ದನ, ಕೋಳಿ, ಇಲಿ ಯಾವುದರಲ್ಲೂ ಅದು ಸಂಸಾರ ಹೂಡುವುದಿಲ್ಲ. ನೀರಿನ ಜೊತೆ ಹೊಟ್ಟೆ ಸೇರಿ, ಕರುಳಿನ ಗೋಡೆಯನ್ನು ದಾಟುತ್ತದೆ. ಕ್ರಿಮಿಗಳನ್ನು ನುಂಗಿ ಕೊಲ್ಲಬೇಕಾದ ನಮ್ಮ ರಕ್ಷಕ ಕೋಶಗಳು ಇದನ್ನೂ ನುಂಗುತ್ತವೆ. ಆದರೆ ಇದು ಆ ಕೋಶದೊಳಗೇ ಬದುಕಿ, ಬೆಳೆದು, ಅದರ ಬೆನ್ನೇರಿ ಯಕೃತ್ತು, ಗುಲ್ಮ, ಮೂಳೆಯ ಮಜ್ಜೆಗೆ ಹೋಗುತ್ತದೆ. ಪೊಲೀಸರ ಜೀಪಿನಲ್ಲೇ ಕುಳಿತು ಊರೆಲ್ಲ ಸುತ್ತುವ ಕಳ್ಳನ ಹಾಗೆ. ಕೆಲವರಲ್ಲಿ ಜ್ವರ ಬಿಟ್ಟ ಮೇಲೂ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಉಳಿದು, ಆರೋಗ್ಯವಾಗಿ ಕಾಣುವ ಆ ಮನುಷ್ಯನ ಮಲದ ಮೂಲಕ ಮತ್ತೆ ನೀರಿಗೆ ಇಳಿಯುತ್ತದೆ.

ಷಿಕಾಗೊ ಆ ಜೀವಿಗೆ ಒಳ್ಳೆಯ ದಾರಿಯನ್ನೇ ಮಾಡಿಕೊಟ್ಟಿತ್ತು. ಊರಿನ ಚರಂಡಿ ನದಿಗೆ, ನದಿ ಸರೋವರಕ್ಕೆ. ಕುಡಿಯುವ ನೀರೂ ಅದೇ ಸರೋವರದ್ದು. ದಡದಿಂದ ಎರಡು ಮೈಲಿ ಒಳಗಿನ ನೀರು ಚೊಕ್ಕಟವಾಗಿರುತ್ತದೆಂದು 1867ರಲ್ಲಿ ಸುರಂಗ ತೋಡಿ ನೀರು ತಂದಿದ್ದರು. ಊರು ಬೆಳೆದಂತೆ ಕೊಳಕು ಆ ಎರಡು ಮೈಲಿಯನ್ನೂ ದಾಟಿತು.

ಕೊನೆಗೆ 28 ಮೈಲಿ ಉದ್ದದ ಕಾಲುವೆಯನ್ನು ಅಗೆದು, ನದಿಯ ನೀರು ಸರೋವರಕ್ಕೆ ಬೆನ್ನು ಮಾಡಿ ಇಲಿನಾಯ್ ನದಿಯ ಮೂಲಕ ಮಿಸಿಸಿಪ್ಪಿಗೆ ಹೋಗುವಂತೆ ಮಾಡಿದರು. 1900ರ ಜನವರಿ 2ರಂದು, ಕೋರ್ಟಿನಿಂದ ತಡೆ ಬಂದೀತೆಂಬ ಅಂಜಿಕೆಯಲ್ಲಿ, ಮೆರವಣಿಗೆ ಭಾಷಣಗಳಿಲ್ಲದೆ ನದಿಯ ನೀರನ್ನು ಕಾಲುವೆಗೆ ಬಿಟ್ಟರು. ಇದನ್ನು ಜಗತ್ತಿನ ದೊಡ್ಡ ಇಂಜಿನಿಯರಿಂಗ್ ಸಾಹಸವೆನ್ನುತ್ತಾರೆ. ಲೆಕ್ಕಿಗನ ಕಣ್ಣಿಗೆ ಮಾತ್ರ ಅದು ಸಾಲ ತೀರಿಸಿದ ಹಾಗೆ ಕಾಣಲಿಲ್ಲ, ನೆರೆಯವರ ಖಾತೆಗೆ ವರ್ಗಾಯಿಸಿದ ಹಾಗೆ ಕಂಡಿತು. ಕೆಳಹರಿವಿನಲ್ಲಿದ್ದ ಸೇಂಟ್ ಲೂಯಿಸ್ ನಗರದವರು ಕುಡಿಯುತ್ತಿದ್ದದ್ದು ಮಿಸಿಸಿಪ್ಪಿಯ ನೀರನ್ನೇ. ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು.

ಆ ಮೊಕದ್ದಮೆಯ ವಿವರಗಳು ನನ್ನನ್ನು ಒಂದು ರಾತ್ರಿ ಎಚ್ಚರವಿರಿಸಿದವು. ಷಿಕಾಗೊದ ಕ್ರಿಮಿ ಅಷ್ಟು ದೂರ ಜೀವಂತವಾಗಿ ಹೋಗಬಲ್ಲದೆ? ಇದನ್ನು ತಿಳಿಯಲು ರಕ್ತದಂಥ ಕೆಂಪು ಬಣ್ಣ ಬಿಡುವ, ಸುಲಭವಾಗಿ ಗುರುತು ಸಿಗುವ ಬೇರೊಂದು ಬ್ಯಾಕ್ಟೀರಿಯಾವನ್ನು 107 ಪೀಪಾಯಿಗಳಲ್ಲಿ ತಂದು ಕಾಲುವೆಯ ಆರಂಭದಲ್ಲೇ ಸುರಿದರು. ನಾಲ್ಕು ವಾರಗಳ ಬಳಿಕ ಸೇಂಟ್ ಲೂಯಿಸ್ ನೀರೆತ್ತುವ ಜಾಗದಲ್ಲಿ ಅದು ಸಿಕ್ಕಿತೆಂದು ವರದಿಯಾಯಿತು. ಷಿಕಾಗೊ ಕಡೆಯಲ್ಲಿದ್ದವರು ಷಿಕಾಗೊ ವಿಶ್ವವಿದ್ಯಾಲಯದ ಎಡ್ವಿನ್ ಜೋರ್ಡನ್. ಅವರೂ ಅವರ ಸಂಗಡಿಗರೂ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ತೆಳು ಪೊರೆಯ ಚೀಲಗಳಲ್ಲಿ ತುಂಬಿ, ಸರೋವರದಲ್ಲೂ ಕಾಲುವೆಯಲ್ಲೂ ಮುಳುಗಿಸಿ ಇಟ್ಟು, ಎಷ್ಟು ದಿನ ಬದುಕುತ್ತವೆಂದು ನೋಡಿದರು. ಸ್ವಚ್ಛ ಸರೋವರದ ನೀರಿಗಿಂತ ಕೊಳಕು ಕಾಲುವೆಯ ನೀರಿನಲ್ಲೇ ಅವು ಬೇಗ ಸತ್ತವು! ಚರಂಡಿ ನೀರಿನಲ್ಲಿ ಮೊದಲೇ ಮನೆ ಮಾಡಿಕೊಂಡ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ಮನುಷ್ಯನ ಕರುಳಿನಲ್ಲಿ ಸುಖವಾಗಿದ್ದು ಬಂದ ಟೈಫಾಯ್ಡ್ ಜೀವಿ ಅವುಗಳ ಪೈಪೋಟಿಯಲ್ಲಿ ಹೆಚ್ಚು ದಿನ ನಿಲ್ಲಲಾರದು. ನಮಗೆ ಹುಲಿಯಾದದ್ದು ಅಲ್ಲಿ ಇಲಿ.

1906ರಲ್ಲಿ ನ್ಯಾಯಮೂರ್ತಿ ಹೋಮ್ಸ್ ತೀರ್ಪು ಬರೆದರು. ಆರೋಪ ಸಾಬೀತಾಗಿಲ್ಲ ಎಂದರು, ಮಿಸೌರಿಯ ಊರುಗಳೂ ತಮ್ಮ ಕೊಳಕನ್ನು ಅದೇ ನದಿಗೆ ಬಿಡುತ್ತಿವೆ ಎಂಬುದನ್ನೂ ತೋರಿಸಿದರು. ಮಿಸೌರಿ ಸೋತಿತು. ಷಿಕಾಗೊ ಗೆದ್ದರೂ ಟೈಫಾಯ್ಡ್ ಪೂರ್ತಿ ಹೋಗಲಿಲ್ಲ. 1908ರಲ್ಲಿ ಇಲ್ಲಿನ ಕಸಾಯಿಖಾನೆಗಳ ದೊಡ್ಡಿಯಲ್ಲಿ ದನಗಳಿಗೆ ಕೊಡುವ ನೀರಿಗೆ ಕ್ಲೋರಿನ್ ಪುಡಿ ಹಾಕಿ ನೋಡಿದರು. 1912ರಿಂದ ಮನುಷ್ಯರು ಕುಡಿಯುವ ನೀರಿಗೂ ಹಾಕತೊಡಗಿದರು. ಕೆಲವೇ ವರ್ಷಗಳಲ್ಲಿ ಈ ನಗರದಲ್ಲಿ ಟೈಫಾಯ್ಡ್ ಸಾವು ಅಪರೂಪವಾಯಿತು. ನದಿಯನ್ನೇ ತಿರುಗಿಸಿದರೂ ಪೂರ್ತಿಯಾಗದ ಕೆಲಸವನ್ನು ಒಂದು ಚಿಟಿಕೆ ಪುಡಿ ಮುಗಿಸಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೇಲೂ ಇತ್ತಲ್ಲ ಈ ಜ್ವರ" ಎಂದರು.

ತಾತನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಅವರ ಕಿರ್ದಿ ಪುಸ್ತಕಗಳು ಈಗಲೂ ಚಿಕ್ಕಪ್ಪನ ಮನೆಯ ಅಟ್ಟದ ಮೇಲಿವೆ. ಅಪ್ಪ ಫೋನ್ ಮಾಡಿ, ಎರಡು ಪುಸ್ತಕಗಳ ಪುಟಗಳ ಫೋಟೋ ತೆಗೆಸಿ ತರಿಸಿದರು. ಮೊದಲನೆಯದು ತಾರಣ ಸಂವತ್ಸರದ್ದು, ಅಂದರೆ 1944ನೇ ಇಸವಿ. ಅಪ್ಪ ಹುಟ್ಟುವುದಕ್ಕೆ ಮೊದಲು ಅವರಿಗೊಬ್ಬಳು ಅಕ್ಕ ಇದ್ದಳು. ವಿಷಮಶೀತ ಜ್ವರ, ಮೂರನೇ ವಾರದಲ್ಲಿ ಹೋದಳು. ಕಿರ್ದಿಯಲ್ಲಿ ಆ ದಿನ ಎರಡೇ ಸಾಲು: ಪುರೋಹಿತರಿಗೆ ಕೊಟ್ಟದ್ದು, ಸೌದೆಗೆ ಕೊಟ್ಟದ್ದು. ಮಗುವಿನ ಹೆಸರಿಲ್ಲ. ಮಾರನೆಯ ದಿನದಿಂದ ಮತ್ತೆ ಕೊಬ್ಬರಿಯ ಲೆಕ್ಕ.

ಎರಡನೆಯದು ಮನ್ಮಥ ಸಂವತ್ಸರದ್ದು, 1955. ಅಪ್ಪನಿಗೆ ಆಗ ಒಂಬತ್ತು ವರ್ಷ, ಅದೇ ಜ್ವರ. ಖರ್ಚಿನ ಕಡೆ ತಾತನ ಮೋಡಿ ಅಕ್ಷರದಂಥ ಬರಹದಲ್ಲಿ ಒಂದು ಸಾಲು: "ಕ್ಲೋರೋಮೈಸೆಟಿನ್ ಮಾತ್ರೆ." ಎದುರಿಗಿದ್ದ ಮೊತ್ತ ಮಂಡಿಯ ಒಂದು ವಾರದ ಕಮಿಷನ್ನಿನಷ್ಟು.

ಆ ಮಾತ್ರೆ ಎಲ್ಲಿಯದು ಎಂದು ಹುಡುಕಿದೆ. ನನ್ನ ಭಾವಮೈದುನ ಇರುವ ಡೆಟ್ರಾಯಿಟ್‌ನದು! ವೆನಿಜುವೆಲಾದ ಕರಾಕಸ್ ಬಳಿಯ ಹೊಲದ ಮಣ್ಣನ್ನು ಯೇಲ್ ವಿಶ್ವವಿದ್ಯಾಲಯದ ಪಾಲ್ ಬರ್ಕ್‌ಹೋಲ್ಡರ್ ಪರೀಕ್ಷಿಸಿ, ಅದರಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯನ್ನು ಡೆಟ್ರಾಯಿಟ್‌ನ ಪಾರ್ಕ್-ಡೇವಿಸ್ ಕಂಪನಿಗೆ ಕಳಿಸಿದ್ದರು. ಅದು ಸ್ರವಿಸುವ ಔಷಧವನ್ನು ಕಂಪನಿಯವರು 1947ರಲ್ಲಿ ಪ್ರಕಟಿಸಿದರು. ನಮ್ಮ ಇಲಿನಾಯ್‌ನ ಅರ್ಬಾನಾದಲ್ಲಿ ಡೇವಿಡ್ ಗಾಟ್ಲೀಬ್ ಗೊಬ್ಬರದ ಮಣ್ಣಿನಿಂದ ಅದೇ ವಸ್ತುವನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದರು. 1948ರಲ್ಲಿ ಮಲಯಾದಲ್ಲಿ ಬೇರೊಂದು ಜ್ವರಕ್ಕೆ ಇದನ್ನು ಪ್ರಯೋಗಿಸುತ್ತಿದ್ದ ಅಮೆರಿಕನ್ ವೈದ್ಯರಿಗೆ, ಟೈಫಾಯ್ಡೂ ಮಣಿಯುತ್ತದೆಂಬುದು ಆಕಸ್ಮಿಕವಾಗಿ ಗೊತ್ತಾಯಿತು. ಹತ್ತು ರೋಗಿಗಳ ಮೇಲೆ ವರದಿ ಬರೆದರು. ವಾರಗಟ್ಟಲೆ ಸುಡುತ್ತಿದ್ದ ಜ್ವರ ಮೂರು ನಾಲ್ಕು ದಿನಕ್ಕೆ ಇಳಿದಿತ್ತು. 1949ರಲ್ಲಿ ಕಂಪನಿಯ ಮಿಲ್ಡ್ರೆಡ್ ರೆಬ್‌ಸ್ಟಾಕ್ ಮತ್ತು ಸಂಗಡಿಗರು ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದರು. ಔಷಧದ ಗುಣವೇನೆಂದರೆ, ಅದು ನಮ್ಮ ಕೋಶಗಳ ಒಳಕ್ಕೂ ಇಳಿಯುತ್ತದೆ, ಅಲ್ಲಿ ಅಡಗಿದ ಬ್ಯಾಕ್ಟೀರಿಯಾ ಪ್ರೋಟೀನು ಕಟ್ಟಿಕೊಳ್ಳುವುದನ್ನು ನಿಲ್ಲಿಸುತ್ತದೆ. ಕಳ್ಳನನ್ನು ಜೀಪಿನೊಳಗೇ ಹಿಡಿದಂತೆ.

ಜಮೆಯ ಪಕ್ಕದಲ್ಲಿ ಖರ್ಚೂ ಇದೆ. ಅಪರೂಪಕ್ಕೆ ಕೆಲವರಲ್ಲಿ ಈ ಔಷಧ ಮಜ್ಜೆಯನ್ನೇ ಒಣಗಿಸಿ ಕೊಂದಿತು. 1950ರ ದಶಕದ ಆರಂಭದಲ್ಲೇ ಅದು ತಿಳಿದಿತ್ತು. ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂರಲಿಲ್ಲ. ಔಷಧವನ್ನು ಸೋಲಿಸುವ ವಿದ್ಯೆಯನ್ನು ಅವು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. 1972ರಲ್ಲಿ ನಮ್ಮ ನೆರೆಯ ಕೋಳಿಕ್ಕೋಡಿನಲ್ಲೇ ಈ ಮಾತ್ರೆಗೆ ಬಗ್ಗದ ಟೈಫಾಯ್ಡ್ ಕಾಣಿಸಿಕೊಂಡಿತು. ಅಪ್ಪನನ್ನು ಉಳಿಸಿದ ಮಾತ್ರೆ ಹದಿನೇಳೇ ವರ್ಷಗಳಲ್ಲಿ ಅಲ್ಲಿ ಕೈಕೊಟ್ಟಿತು. ಊರಿಗೆ ಹೋದಾಗ ಸಣ್ಣ ಜ್ವರಕ್ಕೂ ಅಂಗಡಿಯಲ್ಲಿ ಬಾಯಲ್ಲೇ ಹೇಳಿ ಆ್ಯಂಟಿಬಯೋಟಿಕ್ ತಂದು, ಎರಡು ದಿನ ನುಂಗಿ ಬಿಡುವ ನಮ್ಮವರನ್ನು ಕಂಡಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ಅಪ್ಪ ಊರಿಗೆ ಹೊರಡುವ ಮೊದಲು ಡೆಟ್ರಾಯಿಟ್‌ಗೆ ಕರೆದೊಯ್ದೆ. ಜೋಸೆಫ್ ಕಾಂಪೌ ಬೀದಿಯ ತುದಿಯಲ್ಲಿ, ನದಿಯ ದಂಡೆಗೆ, ಪಾರ್ಕ್-ಡೇವಿಸ್‌ನ ಹಳೆಯ ಇಟ್ಟಿಗೆಯ ಕಟ್ಟಡಗಳಿವೆ. 1902ರ ಪ್ರಯೋಗಶಾಲೆಯೂ ಅಲ್ಲಿದೆ. ಕಂಪನಿ ಎಂದೋ ಹೋಗಿದೆ. ಅಪ್ಪ ಗೋಡೆಯನ್ನು ಒಮ್ಮೆ ಮುಟ್ಟಿ, ಬೆಂಚಿನ ಮೇಲೆ ಕುಳಿತರು. ಎದುರು ದಡದಲ್ಲಿ ಕೆನಡಾ.

"ಹನ್ನೊಂದು ವರ್ಷ ಮಗಾ," ಎಂದರು. "ಅಕ್ಕ ಹನ್ನೊಂದು ವರ್ಷ ತಡವಾಗಿ ಹುಟ್ಟಿದ್ರೆ ಬದುಕ್ತಿದ್ಲು."

ಅವಳ ಹೆಸರೇನೆಂದು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಅಪ್ಪ ಹೇಳಿದರು. ಮನೆಗೆ ಬಂದು, ಆ ತಾರಣ ಸಂವತ್ಸರದ ಪುಟವನ್ನು ಪ್ರಿಂಟ್ ತೆಗೆದು, ಎರಡು ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಅದನ್ನು ಬರೆದಿಟ್ಟೆ. ಈಗ ಸೇತುವೆಯ ಮೇಲೆ ನಿಂತು ಅತಿಥಿಗಳಿಗೆ 1891ರ ಎರಡು ಸಾವಿರದ ಕಥೆ ಹೇಳುತ್ತೇನೆ. ಕಣ್ಣರಳಿಸುವವರು ಕಡಿಮೆ. ಒಬ್ಬಿಬ್ಬರು ಮಾತ್ರ, "ನಮ್ಮ ಮನೇಲೂ ಹಿಂಗೇ ಒಬ್ಬರು..." ಎಂದು ಶುರು ಮಾಡುತ್ತಾರೆ.