ಆಡದೆ ಉಳಿದ ನಾಲ್ಕು ಪಂದ್ಯಗಳು: ಭಾರತದ ಸೂಪರ್ ಕಪ್ ಚರಿತ್ರೆಯಲ್ಲಿ ಬೆಂಗಳೂರು

ರಾಷ್ಟ್ರೀಯ ಲೀಗ್ ಗೆದ್ದ ತಂಡವೂ ಫೆಡರೇಶನ್ ಕಪ್ ಗೆದ್ದ ತಂಡವೂ ಎದುರಾಗುವ ಒಂದೇ ಪಂದ್ಯದ ಇಂಡಿಯನ್ ಸೂಪರ್ ಕಪ್ 1997ರಲ್ಲಿ ಶುರುವಾಗಿ 2011ರಲ್ಲಿ ನಿಂತಿತು. ನಡುವೆ ಕೆಲವು ವರ್ಷ ನಡೆಯಲೇ ಇಲ್ಲ. ಅದರ ವಿಜೇತರ ಪಟ್ಟಿಯಲ್ಲಿ ಕೋಲ್ಕತ್ತಾ, ಗೋವಾ, ಮುಂಬೈಗಳ ಕ್ಲಬ್‌ಗಳಿವೆ. ಬೆಂಗಳೂರಿನ ಒಂದೂ ಇಲ್ಲ. ಇಷ್ಟನ್ನೇ ಓದಿದವರಿಗೆ ನಮ್ಮ ಊರು ಈ ಆಟದಲ್ಲಿ ಹಿಂದುಳಿದಿತ್ತು ಎನಿಸೀತು. ಆದರೆ ಪಂದ್ಯ ನಿಂತುಹೋದ ನಂತರದ ದಾಖಲೆಗಳನ್ನು ಪಕ್ಕಪಕ್ಕಕ್ಕಿಟ್ಟರೆ ಬೇರೆಯೇ ಸಂಗತಿ ಹೊರಬೀಳುತ್ತದೆ. 2013-14ರಿಂದ 2016-17ರವರೆಗೆ, ಸತತ ನಾಲ್ಕು ಋತುಗಳಲ್ಲಿ, ಆ ಪಂದ್ಯ ಆಡುವ ಹಕ್ಕು ಬೆಂಗಳೂರು ಎಫ್‌ಸಿಗೆ ಸಲ್ಲಬೇಕಿತ್ತು. ಹಕ್ಕಿತ್ತು, ಪಂದ್ಯವಿರಲಿಲ್ಲ. ಇದನ್ನು ಬರೀ ದುರದೃಷ್ಟ ಎಂದು ಬಿಟ್ಟುಬಿಡುವ ಹಾಗಿಲ್ಲ. ಭಾರತೀಯ ಫುಟ್‌ಬಾಲಿನ ಲೀಗ್ ಮತ್ತು ಕಪ್ ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಬೇರೆ ಬೇರೆ ರೀತಿಯಲ್ಲಿ ಮುಗಿದದ್ದರ ಫಲ ಇದು ಎಂಬುದು ಈ ಲೇಖನದ ವಾದ.

ಇಂಥ ಪಂದ್ಯದ ಮೂಲ ಹುಡುಕಿದರೆ ಇಂಗ್ಲೆಂಡಿನ ಚಾರಿಟಿ ಶೀಲ್ಡ್ ಸಿಗುತ್ತದೆ. 1908ರಲ್ಲಿ ಮೊದಲ ಸಲ ನಡೆದಾಗ ಅದು ಲೀಗ್ ಮತ್ತು ಕಪ್ ವಿಜೇತರ ಪಂದ್ಯವಾಗಿರಲಿಲ್ಲ. ಫುಟ್‌ಬಾಲ್ ಲೀಗ್ ಗೆದ್ದ ಮ್ಯಾಂಚೆಸ್ಟರ್ ಯುನೈಟೆಡ್, ಸದರ್ನ್ ಲೀಗ್ ಗೆದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಆಡಿತು. ಲೀಗ್ ಚಾಂಪಿಯನ್ ಬರ್ನ್‌ಲಿ ಮತ್ತು ಎಫ್ಎ ಕಪ್ ಗೆದ್ದ ಟಾಟನ್‌ಹ್ಯಾಮ್ ಎದುರಾದದ್ದು 1921ರಲ್ಲಿ. ಈ ಬಗೆ ಹೆಚ್ಚುಕಡಿಮೆ ವಾಡಿಕೆಯಾಗಿ ನೆಲೆನಿಂತದ್ದು 1930ರಿಂದ ಈಚೆಗೆ. ಅಷ್ಟು ಹಳೆಯ ಲೀಗೂ ಅದಕ್ಕಿಂತ ಹಳೆಯ ಕಪ್ಪೂ ಇದ್ದ ದೇಶದಲ್ಲೇ ಇಷ್ಟು ಸಮಯ ಹಿಡಿಯಿತು. ಸ್ಪೇನ್ 1982ರಲ್ಲಿ, ಇಟಲಿ 1988ರಲ್ಲಿ ತಮ್ಮ ಸೂಪರ್ ಕಪ್‌ಗಳನ್ನು ಆರಂಭಿಸಿದವು. ಎಲ್ಲ ಕಡೆಯೂ ಷರತ್ತು ಒಂದೇ: ದೇಶಕ್ಕೊಂದು ಲೀಗ್ ಇರಬೇಕು, ಒಂದು ಕಪ್ ಇರಬೇಕು, ಎರಡೂ ಪ್ರತಿವರ್ಷ ತಪ್ಪದೆ ಮುಗಿಯಬೇಕು.

ಭಾರತದಲ್ಲಿ ಮೊದಲು ಬಂದದ್ದು ಕಪ್. 1977ರಲ್ಲಿ ಎರ್ನಾಕುಲಂನಲ್ಲಿ ಮೊದಲ ಫೆಡರೇಶನ್ ಕಪ್ ನಡೆಯಿತು. ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 1-0 ಗೋಲಿನಿಂದ ಸೋಲಿಸಿ ಕಪ್ ಎತ್ತಿದ್ದು ಬೆಂಗಳೂರಿನ ಐಟಿಐ, ಅಂದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ತಂಡ. ಆಗ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲ. ಐಟಿಐ ಆಟಗಾರರು ಕಪ್ ಹಿಡಿದುಕೊಂಡು ಸವಾಲು ಹಾಕಬೇಕೆಂದರೂ ಎದುರಿಗೆ ನಿಲ್ಲಲು ಚಾಂಪಿಯನ್ ತಂಡವೊಂದಿರಲಿಲ್ಲ. ನ್ಯಾಷನಲ್ ಫುಟ್‌ಬಾಲ್ ಲೀಗ್ ಆರಂಭವಾದದ್ದು 1996ರಲ್ಲಿ. ಮೊದಲ ಚಾಂಪಿಯನ್ ಪಂಜಾಬಿನ ಜೆಸಿಟಿ. ಕಪ್ಪಿಗೂ ಲೀಗಿಗೂ ನಡುವೆ 19 ವರ್ಷಗಳ ಅಂತರ.

ಆ ಹೊತ್ತಿಗೆ ಬೆಂಗಳೂರಿನ ಕಾರ್ಖಾನೆ ತಂಡಗಳ ಏರುಗಾಲ ಮುಗಿಯುತ್ತ ಬಂದಿತ್ತು. ಇಲ್ಲಿ ನಗರದ ಭೂಗೋಳದ ಮಾತನ್ನೂ ಸೇರಿಸಬೇಕು. ಬೆಂಗಳೂರಿನಲ್ಲಿ ಫುಟ್‌ಬಾಲ್ ದಂಡಿನ ಕಡೆಯ ಆಟ: ಆಸ್ಟಿನ್ ಟೌನ್, ಗೌತಮಪುರ, ಹಲಸೂರು, ಶಿವಾಜಿನಗರ. 1937, 1938 ಹಾಗೂ 1948ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಕಾಲದಿಂದಲೂ ಆಟದ ಬೇರು ಆ ದಿಕ್ಕಿನಲ್ಲೇ. ನಂತರ ಬಂದ ಎಚ್ಎಎಲ್, ಐಟಿಐಗಳೂ ಪೂರ್ವದ ಅಂಚಿನವು. ಪಶ್ಚಿಮಕ್ಕೂ ಕಾರ್ಖಾನೆಗಳು ಕಡಿಮೆಯಿರಲಿಲ್ಲ. ರಾಜಾಜಿನಗರ ಕೈಗಾರಿಕಾ ಬಡಾವಣೆಯೇ ಅದಕ್ಕೆ ಸಾಕ್ಷಿ. ಹಳ್ಳಿಯಾಗಿದ್ದ ಕುರುಬರಹಳ್ಳಿ ರಾಜಾಜಿನಗರದ ಮಗ್ಗುಲಲ್ಲಿ ಊರೊಳಗೆ ಸೇರಿಕೊಂಡದ್ದು ಈ ಬೆಳವಣಿಗೆಯ ಭಾಗವಾಗಿಯೇ. ಆದರೆ ಐಟಿಐಯಂತೆ ದೇಶದ ಕಪ್ ಗೆದ್ದ ಫುಟ್‌ಬಾಲ್ ತಂಡ ಈ ಕಡೆಯಿಂದ ಹೊರಡಲಿಲ್ಲ. ಕುರುಬರಹಳ್ಳಿಯ ಕ್ರೀಡಾಪ್ರೇಮಿಗೆ ಫೆಡರೇಶನ್ ಕಪ್ ಎಂದರೆ ಪೇಟೆ ದಾಟಿ, ದಂಡು ದಾಟಿ ಆಚೆಗಿರುವ ಊರಿನ ಸುದ್ದಿ.

ಸೂಪರ್ ಕಪ್ ನಡೆದ ವರ್ಷಗಳನ್ನು ಬೇಗ ದಾಟಬಹುದು. 1997ರಲ್ಲಿ ಈಸ್ಟ್ ಬೆಂಗಾಲ್ ಗೆದ್ದಿತು. ಮುಂದಿನ ಎರಡು ವರ್ಷ ಗೋವಾದ ಸಾಲ್ಗಾಂವ್ಕರ್. 2003ರಲ್ಲಿ ಮುಂಬೈಯ ಮಹೀಂದ್ರ ಯುನೈಟೆಡ್. 2006ರಲ್ಲಿ ಮತ್ತೆ ಈಸ್ಟ್ ಬೆಂಗಾಲ್, ಆಮೇಲೆ ಮೋಹನ್ ಬಾಗಾನ್ ಮತ್ತು ಡೆಂಪೊ ಸರದಿಯಂತೆ ವರ್ಷ ಬಿಟ್ಟು ವರ್ಷ ಗೆದ್ದವು. 2011ರಲ್ಲಿ ಈಸ್ಟ್ ಬೆಂಗಾಲ್ ಮೂರನೆಯ ಸಲ ಗೆದ್ದದ್ದೇ ಕೊನೆ. ಈ ಅವಧಿಯ ಕೊನೆಯಲ್ಲಿ, 2010-11ರ ಋತುವಿಗೆ, ಎಚ್ಎಎಲ್ ತಂಡ ನ್ಯಾಷನಲ್ ಲೀಗಿನ ಮುಂದಿನ ರೂಪವಾದ ಐ-ಲೀಗ್‌ಗೆ ಬಡ್ತಿ ಪಡೆಯಿತು. ಎರಡು ಋತುಗಳಾಡಿ ಕೆಳಗಿಳಿಯಿತು. ಬೆಂಗಳೂರಿನ ಪಾಲಿಗೆ ಪ್ರಶಸ್ತಿಯ ಮಾತಿರಲಿ, ಲೀಗಿನಲ್ಲಿ ಉಳಿಯುವುದೇ ಹೆಚ್ಚಾಗಿತ್ತು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಚಿತ್ರ ತಲೆಕೆಳಗಾಯಿತು. ಆ್ಯಶ್ಲಿ ವೆಸ್ಟ್‌ವುಡ್ ತರಬೇತಿಯ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು; 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ ಪ್ರಶಸ್ತಿ ಖಚಿತವಾಯಿತು. ಅದೇ ಋತುವಿನ ಫೆಡರೇಶನ್ ಕಪ್ ಚರ್ಚಿಲ್ ಬ್ರದರ್ಸ್ ಪಾಲಾಗಿತ್ತು. ಹಳೆಯ ಕ್ರಮ ಮುಂದುವರಿದಿದ್ದರೆ ಮೊದಲ ಪಂದ್ಯ: ಬೆಂಗಳೂರು, ಚರ್ಚಿಲ್.

ಮರುಋತುವಿನಲ್ಲಿ ಪಾತ್ರ ಬದಲಾಯಿತು. 2015ರ ಜನವರಿಯಲ್ಲಿ ಫತೋರ್ಡಾದಲ್ಲಿ ಡೆಂಪೊವನ್ನು 2-1ರಿಂದ ಮಣಿಸಿ ಬೆಂಗಳೂರು ಫೆಡರೇಶನ್ ಕಪ್ ಪಡೆಯಿತು. ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಲೀಗಿನ ಕೊನೆಯ ಪಂದ್ಯ; ಗೆದ್ದರೆ ಲೀಗೂ ಬೆಂಗಳೂರಿನದೇ. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. ಮುಗಿಯಲು ಕೆಲವೇ ನಿಮಿಷವಿದ್ದಾಗ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಚೆಂಡು ದೂಡಿ ಸಮ ಮಾಡಿದ. ಡ್ರಾ ಸಾಕಾಗಿದ್ದ ಮೋಹನ್ ಬಾಗಾನ್ ಚಾಂಪಿಯನ್ ಆಯಿತು. ಲೀಗ್ ಗೆದ್ದವರೂ ಕಪ್ ಗೆದ್ದವರೂ ಎದುರುಬದುರಾದ ಈ ಪಂದ್ಯವೇ ಒಂದರ್ಥದಲ್ಲಿ ಆ ವರ್ಷದ ಸೂಪರ್ ಕಪ್ ಎಂದು ನನಗೆ ಅನ್ನಿಸುವುದುಂಟು. 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0 ಗೆಲುವಿನೊಂದಿಗೆ ಬೆಂಗಳೂರು ಲೀಗ್ ಮರಳಿ ಪಡೆಯಿತು. ಕಪ್ ಬಾಗಾನ್‌ಗೆ ಹೋಯಿತು. ಅದೇ ಎರಡು ತಂಡ, ಪ್ರಶಸ್ತಿ ಮಾತ್ರ ಅದಲುಬದಲು. 2017ರಲ್ಲಿ ಮಿಜೋರಾಂನ ಐಜ್ವಾಲ್ ಎಲ್ಲರನ್ನೂ ಬೆರಗುಗೊಳಿಸಿ ಲೀಗ್ ಗೆದ್ದರೆ, ಕಟಕ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಬಾಗಾನ್‌ ತಂಡವನ್ನು ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. ಲೀಗ್, ಕಪ್, ಲೀಗ್, ಕಪ್: ಒಂದು ವರ್ಷವೂ ತಪ್ಪಲಿಲ್ಲ.

ಹಾಗಾದರೆ ಪಂದ್ಯವನ್ನು ಮತ್ತೆ ಏಕೆ ಆರಂಭಿಸಲಿಲ್ಲ? ಮೊದಲ ಕಾರಣ ಪ್ರತಿಫಲದ್ದು. ಏಷ್ಯಾದ ಟೂರ್ನಿಗಳಿಗೆ ದಾರಿ ಲೀಗ್ ಮತ್ತು ಫೆಡರೇಶನ್ ಕಪ್‌ಗಳ ಮೂಲಕವೇ ತೆರೆದಿತ್ತು. ಅವೆರಡನ್ನೂ ಗೆದ್ದಾದ ಮೇಲಿನ ಒಂದು ಪಂದ್ಯದಿಂದ ಹೊಸದಾಗಿ ದಕ್ಕುವುದೇನೂ ಇರಲಿಲ್ಲ. ಎರಡನೆಯದು ಇನ್ನೂ ಗಟ್ಟಿಯಾದ ಕಾರಣ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾಗಿ, 2017-18ರಲ್ಲಿ ಅದೂ ಐ-ಲೀಗೂ ಒಂದೇ ಕಾಲಕ್ಕೆ ಸಮಾಂತರವಾಗಿ ನಡೆದವು. ಐ-ಲೀಗ್ ಗೆದ್ದದ್ದು ಮಿನರ್ವಾ ಪಂಜಾಬ್. ಐಎಸ್ಎಲ್ ಪಟ್ಟಿಯಲ್ಲಿ ಮೊದಲ ಸ್ಥಾನ ಬೆಂಗಳೂರಿಗೆ, ಆದರೆ ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ 3-2ರಿಂದ ಗೆದ್ದ ಚೆನ್ನೈಯಿನ್‌ಗೆ ಚಾಂಪಿಯನ್ ಪಟ್ಟ. ದೇಶದ ಲೀಗ್ ಚಾಂಪಿಯನ್ ಯಾರು ಎಂದರೆ ಮೂರು ತಂಡಗಳ ಹೆಸರು ಹೇಳಬೇಕಾದ ಸ್ಥಿತಿ! ಇಂಗ್ಲೆಂಡಿನಲ್ಲಿ ಒಂದೇ ತಂಡ ಎರಡನ್ನೂ ಗೆದ್ದರೆ ಲೀಗಿನ ಎರಡನೆಯ ಸ್ಥಾನದವರನ್ನು ಕರೆಯುವ ನಿಯಮವಿದೆ. ಇಲ್ಲಿನ ಗೊಂದಲಕ್ಕೆ ಅಂಥ ಯಾವ ನಿಯಮವೂ ಸಾಲುತ್ತಿರಲಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಕಂಡುಕೊಂಡ ದಾರಿ ಬೇರೆ. ಫೆಡರೇಶನ್ ಕಪ್ಪನ್ನೇ ನಿಲ್ಲಿಸಿ, ಎರಡೂ ಲೀಗ್‌ಗಳ ತಂಡಗಳನ್ನು ಸೇರಿಸಿ 2018ರಲ್ಲಿ ನಾಕೌಟ್ ಟೂರ್ನಿಯೊಂದನ್ನು ನಡೆಸಿ ಅದಕ್ಕೆ ಸೂಪರ್ ಕಪ್ ಎಂದು ಹೆಸರಿಟ್ಟಿತು. ಸೆಮಿಫೈನಲ್‌ನಲ್ಲಿ ಹತ್ತೇ ಜನ ಉಳಿದಿದ್ದರೂ ಬೆಂಗಳೂರು ಮಿಕು ಹೊಡೆದ ಮೂರು ಗೋಲುಗಳ ಬಲದಿಂದ ಬಾಗಾನ್ ವಿರುದ್ಧ 4-2ರಿಂದ ಗೆದ್ದಿತು. ಏಪ್ರಿಲ್ 20ರಂದು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೊದಲು ಗೋಲು ಹೊಡೆದರೂ ರಾಹುಲ್ ಭೇಕೆ, ಮಿಕು ಒಂದೊಂದು, ಸುನಿಲ್ ಛೆಟ್ರಿ ಎರಡು ಗೋಲು ಗಳಿಸಿ 4-1ರಿಂದ ಪ್ರಶಸ್ತಿ ತಂದರು. ಅಷ್ಟರಲ್ಲಿ ಪಶ್ಚಿಮದ ಬಡಾವಣೆಗಳಿಗೂ ಕಂಠೀರವ ಹತ್ತಿರವಾಗಿತ್ತು: 2017ರ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ಮುಟ್ಟಿದ್ದರಿಂದ ಮಹಾಲಕ್ಷ್ಮಿ, ರಾಜಾಜಿನಗರ ನಿಲ್ದಾಣಗಳಲ್ಲಿ ಹತ್ತಿದವರು ಅಲ್ಲಿ ರೈಲು ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದಾಗಿತ್ತು.

ಸ್ಪೇನ್ ತನ್ನ ಸೂಪರ್ ಕಪ್ಪನ್ನು 2020ರಿಂದ, ಇಟಲಿ 2024ರಿಂದ ನಾಲ್ಕು ತಂಡಗಳಿಗೆ ಹಿಗ್ಗಿಸಿವೆ. ಆದರೆ ಅಲ್ಲಿ ಲೀಗ್ ಬೇರೆ, ಕಪ್ ಬೇರೆ ಇದ್ದೇ ಇವೆ. ಇಲ್ಲಿ ಸೂಪರ್ ಕಪ್ಪೇ ಕಪ್ ಆಗಿಬಿಟ್ಟಿತು. 2023ರಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ತಂಡವನ್ನು 2-1ರಿಂದ ಸೋಲಿಸಿದ ಒಡಿಶಾಕ್ಕೂ, ಮರುವರ್ಷ ಒಡಿಶಾವನ್ನು ಸೋಲಿಸಿದ ಈಸ್ಟ್ ಬೆಂಗಾಲ್‌ಗೂ ಏಷ್ಯಾದ ಟೂರ್ನಿಗಳ ಬಾಗಿಲು ತೆರೆದದ್ದು ಈ ಗೆಲುವಿನಿಂದಲೇ. ಅಂದರೆ ಹಿಂದೆ ಫೆಡರೇಶನ್ ಕಪ್ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತಿದೆ. ಆದ್ದರಿಂದ 2018ರ ಗೆಲುವನ್ನು ಈಸ್ಟ್ ಬೆಂಗಾಲ್, ಸಾಲ್ಗಾಂವ್ಕರ್‌ಗಳ ಹಳೆಯ ಒಂದು ಪಂದ್ಯದ ಪಟ್ಟಿಯ ಕೆಳಗೆ ಬರೆಯುವುದು ಸರಿಯಲ್ಲ. ಅದು ಸೇರಬೇಕಾದದ್ದು ಎರ್ನಾಕುಲಂನಿಂದ ಹೊರಟ ಸಾಲಿಗೆ. ಹಾಗೆ ಬರೆದರೆ ಬೆಂಗಳೂರಿನ ಹೆಸರು ನಾಲ್ಕು ಸಲ ಬರುತ್ತದೆ: 1977ರಲ್ಲಿ ಐಟಿಐ, 2015, 2017 ಮತ್ತು 2018ರಲ್ಲಿ ಬೆಂಗಳೂರು ಎಫ್‌ಸಿ.