ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ಅಕ್ಕನ ಕನಸು

ಮಠಗಳಲ್ಲಿ ಶಿವಾನುಭವಗೋಷ್ಠಿ ನೆರೆದಾಗ ಮೊದಲು ವಚನಗಾಯನ, ತರುವಾಯ ಉಪನ್ಯಾಸ ಎಂಬುದು ರೂಢಿಯಾಗಿರುವುದು. ಸಭೆ ಕೂಡುವವರೆಗೆ ಹೊತ್ತು ಕಳೆಯುವ ಸಾಧನವೆಂದೇ ಆ ಗಾಯನವನ್ನು ಎಣಿಸುವವರೂ ಉಂಟು. ಗಾಯಕನು ಹಾಡುತ್ತಿರುವಾಗಲೇ ಜಮಖಾನೆ ಹಾಸುವವರು ಹಾಸುತ್ತಿರುವರು, ಕುಶಲವನ್ನು ಕೇಳುವವರು ಕೇಳುತ್ತಿರುವರು. ಆದರೆ ಒಂದು ಹಾಡಿಗೆ ಈ ಅನಾದರವು ತಟ್ಟುವುದಿಲ್ಲ. ಹಾಡಿದವರು ಇಲ್ಲವಾಗಿ ಮೂವತ್ತು ವರ್ಷಗಳ ಮೇಲಾದರೂ, ಧ್ವನಿಮುದ್ರಿಕೆಯಿಂದ ಆ ಕಂಠವು ಹೊರಟೊಡನೆ ಮಾತನಾಡುತ್ತಿದ್ದವರು ತಾವಾಗಿ ಸುಮ್ಮನಾಗುವರು. ಅದು ಅಕ್ಕಮಹಾದೇವಿಯ ಕನಸಿನ ವಚನ. ಹಾಡಿದವರು ಪಂಡಿತ ಮಲ್ಲಿಕಾರ್ಜುನ ಮನಸೂರರು.

ವಚನವನ್ನು ಹಾಡುವುದು ಸುಲಭವಾದ ಕಾರ್ಯವಲ್ಲ. ಶರಣಪರಂಪರೆಯಲ್ಲಿ ಸ್ವರವಚನಗಳೆಂಬ ಬೇರೆ ಪ್ರಕಾರವೇ ಇದ್ದು, ಅವಕ್ಕೆ ಪಲ್ಲವಿಯೂ ರಾಗತಾಳಗಳ ನಿಯಮವೂ ಉಂಟು. ಶುದ್ಧ ವಚನಕ್ಕೆ ಇವಾವುವೂ ಇಲ್ಲ. ತಾಳಮಾನಗಳ ಲೆಕ್ಕವು ತನಗೆ ತಿಳಿಯದೆಂದೂ ಒಲಿದಂತೆ ಹಾಡುವೆನೆಂದೂ ಅಣ್ಣನವರೇ ಹೇಳಿಕೊಂಡಿರುತ್ತಾರೆ. ಫ. ಗು. ಹಳಕಟ್ಟಿಯವರು ಓಲೆಯ ಕಟ್ಟುಗಳನ್ನು ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ ಬಳಿಕ ವಚನಗಳು ಮನೆಮನೆಗೆ ಬಂದವು, ಆದರೆ ಬಂದದ್ದು ಪುಸ್ತಕದ ರೂಪದಲ್ಲಿ, ಕಣ್ಣಿನ ಮೂಲಕ. ಅವನ್ನು ಮರಳಿ ಕಿವಿಗೆ ತಲುಪಿಸುವ ಕೆಲಸವು ಗಾಯಕರದಾಯಿತು. ಸಾಲುಗಳ ಉದ್ದ ಒಂದೇ ಸಮನಲ್ಲದ ಈ ಗದ್ಯವನ್ನು ತಾಳದ ಆವರ್ತದಲ್ಲಿ ಕೂರಿಸಲು ಹೋದರೆ ಮಾತು ಹರಿಯುವುದು, ಇಲ್ಲವೆ ತಾಳ ಮುರಿಯುವುದು.

ಮನಸೂರರಿಗೆ ಈ ಕಾರ್ಯಕ್ಕೆ ಬೇಕಾದ ಸಿದ್ಧತೆಯು ದೀರ್ಘಕಾಲದಿಂದ ನಡೆದುಬಂದಿತ್ತು. ಧಾರವಾಡದ ಸಮೀಪದ ಮನಸೂರ ಗ್ರಾಮದಲ್ಲಿ 1910ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ನಾಟಕ ಕಂಪನಿಯನ್ನು ಸೇರಿದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಪದ್ಧತಿಯ ಪಾಠವಾಯಿತು. ತರುವಾಯ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ ಪದ್ಧತಿಯ ಶಿಕ್ಷಣ ದೊರೆಯಿತು. ಗದುಗಿನ ಪಂಚಾಕ್ಷರಿ ಗವಾಯಿಗಳಿಗೂ ಈ ಬುವಾ ಅವರೇ ಗುರುಗಳು. ಮುಂದೆ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು ಶಿಷ್ಯನನ್ನಾಗಿ ಸ್ವೀಕರಿಸಿದರು. 1937ರಲ್ಲಿ ಅವರು ತೀರಿಕೊಳ್ಳಲು, ತಮ್ಮನಾದ ಭೂರ್ಜಿ ಖಾನರು ಆ ಪಾಠವನ್ನು ಮುಂದುವರಿಸಿದರು. ಲಿಂಗವಂತರ ಮನೆಯ ಮಗನಿಗೆ ಮುಸಲ್ಮಾನ ಉಸ್ತಾದರು ತಮ್ಮ ಮನೆತನದ ಗುಪ್ತವಿದ್ಯೆಯನ್ನು ಧಾರೆಯೆರೆದರೆಂಬ ಸಂಗತಿಯನ್ನು ಭಕ್ತರು ಮರೆಯಲಾಗದು. ಅಕ್ಕನ ವಚನಕ್ಕೆ ದೊರೆತ ಕಂಠವು ಹದಗೊಂಡದ್ದು ಅಲ್ಲಿ. ಅವರ ಭಕ್ತಿಯಾದರೋ ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ನೆಲೆಸಿತ್ತು. ಮನೆಗೂ ‘ಮೃತ್ಯುಂಜಯ’ವೆಂದೇ ಹೆಸರು. ಪದ್ಮಶ್ರೀಯಿಂದ ಪದ್ಮವಿಭೂಷಣದವರೆಗಿನ ಮನ್ನಣೆಗಳು 1970ರಿಂದ 1992ರೊಳಗೆ ಬಂದವು. 1992ರ ಸೆಪ್ಟೆಂಬರ 12ರಂದು ಅವರು ಲಿಂಗೈಕ್ಯರಾದರು.

ಇನ್ನು ಆ ವಚನದ ಮಾತು. ಅಕ್ಕನು ತನ್ನ ಒಡನಾಡಿಯನ್ನು ಕರೆದು, ಕಂಡ ಕನಸನ್ನು ಹೇಳುತ್ತಾಳೆ. ಅದರಲ್ಲಿ ಮೊದಲು ಕಾಣುವುವು ಅಕ್ಕಿ, ಅಡಕೆ, ತೆಂಗು ಮೊದಲಾದ ಮಂಗಳದ್ರವ್ಯಗಳು, ಎಂದರೆ ಮದುವೆಯ ಮನೆಯ ಸಾಮಗ್ರಿ. ಆಮೇಲೆ ಬಾಗಿಲಿಗೆ ಬರುವವನು ಮದುಮಗನಲ್ಲ. ಭಿಕ್ಷೆ ಬೇಡುವ ಜಡೆಯ ಗೊರವ, ಹಲ್ಲು ಹೊಳೆಯುವ ಚೆಲುವ. ಅವನು ನಿಲ್ಲದೆ ಹೋಗುತ್ತಾನೆ. ಇವಳು ಬೆನ್ನಟ್ಟಿ ಕೈ ಹಿಡಿಯುತ್ತಾಳೆ. ಹಿಡಿದವನು ಚೆನ್ನಮಲ್ಲಿಕಾರ್ಜುನನೆಂದು ಕಾಣುವಷ್ಟರಲ್ಲಿ ಕಣ್ಣು ತೆರೆಯುತ್ತದೆ. ಕೈ ಹಿಡಿಯುವುದೆಂದರೆ ನಮ್ಮಲ್ಲಿ ಮದುವೆಯೇ ಅಲ್ಲವೆ? ಸಾಮಾನ್ಯವಾಗಿ ವರನು ವಧುವಿನ ಕೈ ಹಿಡಿಯುವನು. ಇಲ್ಲಿ ವಧುವೇ ಓಡಿಹೋಗಿ ಹಿಡಿದಿದ್ದಾಳೆ.

ಈ ವಚನದ ಶಬ್ದವಿನ್ಯಾಸದಲ್ಲಿ ಒಂದು ಗುಟ್ಟು ಅಡಗಿರುವುದು. ‘ಅಕ್ಕ’, ‘ಅಕ್ಕಿ’, ‘ಚಿಕ್ಕ’, ‘ಮಿಕ್ಕು’ ಎಂದು ಸಾಲುಗಳ ತಲೆಯಲ್ಲಿ ಕಕಾರದ ಒತ್ತು ಮರಳಿ ಮರಳಿ ಬರುವುದು. ಛಂದಸ್ಸಿಲ್ಲದ ವಚನವಾದರೂ ಪ್ರಾಸವನ್ನು ಅಕ್ಕನು ಬಿಟ್ಟಿಲ್ಲ. ಈ ಒತ್ತಕ್ಷರವು ದನಿಯನ್ನು ಕ್ಷಣಕಾಲ ತಡೆದು ಬಿಡುವಂಥದು. ಹೀಗೆ ತಡೆದು ಬಿಡುವಾಗಲೇ ತಾಳಕ್ಕೆ ಹಿಡಿಯಲು ಗೂಟ ದೊರೆಯುವುದು. ಕೊನೆಯಲ್ಲಿ ಅಂಕಿತವು ಬಂದಾಗ ಕಕಾರವು ಹೋಗಿ ‘ಚೆನ್ನ’ ಎಂಬಲ್ಲಿ ನಕಾರದ ಒತ್ತು ಬರುವುದು. ಕಕಾರದಂತೆ ಅದು ದನಿಯನ್ನು ಕಡಿಯದು. ಗಾಯಕನು ಬಯಸಿದಷ್ಟು ಹೊತ್ತು ಅದರ ಮೇಲೆ ನಿಲ್ಲಬಹುದು. ಅಟ್ಟಿಕೊಂಡು ಹೋದ ದನಿಗೆ ಹಿಡಿದಾದ ಮೇಲೆ ವಿಶ್ರಾಂತಿ. ಓದುವಾಗ ಇದು ತೋರದು, ಹಾಡಿದಾಗ ತೋರುವುದು.

ರಾಗವು ಮಾತನ್ನು ನುಂಗುವುದೆಂದು ವಚನಗಾಯನವನ್ನು ಆಕ್ಷೇಪಿಸುವವರುಂಟು. ಹಲವು ಗಾಯಕರ ವಿಷಯದಲ್ಲಿ ಆ ಆಕ್ಷೇಪವು ನಿಜವೂ ಹೌದು. ತಾನಿನ ಸುರಿಮಳೆಯಲ್ಲಿ ಶರಣರ ಮಾತು ತೊಯ್ದು ಹೋಗುವುದನ್ನು ಎಷ್ಟೋ ಸಭೆಗಳು ಸಹಿಸಿವೆ. ಮನಸೂರರೂ ತಾನಿಗೆ ಬಡವರಲ್ಲ. ಅಪೂರ್ವ ರಾಗಗಳ ಖ್ಯಾಲುಗಳಲ್ಲಿ ಒಂದೇ ಉಸಿರಿನಲ್ಲಿ ಸ್ವರಗಳನ್ನು ಬಳ್ಳಿಯಂತೆ ಹೆಣೆಯುವುದು ಅವರ ಪ್ರಸಿದ್ಧ ಲಕ್ಷಣ. ಇಲ್ಲಿ ಆ ಐಶ್ವರ್ಯವನ್ನು ಅವರು ಹೊರಗಿಟ್ಟು ಬಂದಿದ್ದಾರೆ. ಅವರದು ಮೃದುವಾದ ಕಂಠವೂ ಅಲ್ಲ, ಗಂಡುದನಿ. ಹೆಣ್ಣಿನ ಸ್ವಪ್ನಕ್ಕೆ ಅದು ಒಗ್ಗೀತೆ ಎಂಬ ಸಂದೇಹವು ಕೇಳದವರಿಗೆ ಬರುವುದು ಸಹಜ. ಆದರೆ ಹೆಣ್ಣಿನ ದನಿಯನ್ನು ಅನುಕರಿಸುವ ಗೋಜಿಗೆ ಅವರು ಹೋಗಿಯೇ ಇಲ್ಲ. ಶರಣಸತಿ ಲಿಂಗಪತಿಯೆಂಬ ಮಾರ್ಗದಲ್ಲಿ ನಿಂತವನಿಗೆ ಅದರ ಅಗತ್ಯವಾದರೂ ಏನು? ಅಂಕಿತದಲ್ಲಿ ತಮ್ಮದೇ ಹೆಸರು ಬರುವಾಗಲೂ ಅದನ್ನು ಒಡೆಯನ ಹೆಸರಾಗಿಯೇ ಅವರು ಉಚ್ಚರಿಸುವರು.

ಪುಸ್ತಕದಲ್ಲಿ ಈ ವಚನವು ಕಣ್ಣು ತೆರೆಯುವುದರೊಡನೆ ಮುಗಿದುಹೋಗುವುದು. ಹಾಡಿನಲ್ಲಿ ಮೊದಲ ಸಾಲೇ ಪಲ್ಲವಿಯಾದುದರಿಂದ ಅಂಕಿತದ ಬಳಿಕ ಗಾಯಕನು ಮತ್ತೆ ಆ ಕರೆಗೇ ಹಿಂದಿರುಗಬೇಕಾಗುವುದು. ಇದು ಗಾಯನದ ನಿಯಮವಷ್ಟೇ ಆಗಿದ್ದರೂ ಅರ್ಥವನ್ನೇ ಬದಲಿಸಿಬಿಡುವುದು. ಎಚ್ಚೆತ್ತವಳು ಕೈಯಲ್ಲಿ ಹಿಡಿದದ್ದು ಇಲ್ಲವೆಂದು ಕಂಡು, ಮತ್ತೊಮ್ಮೆ ಒಡನಾಡಿಯನ್ನು ಕರೆದು, ಕನಸನ್ನು ಮೊದಲಿನಿಂದ ಹೇಳಲು ತೊಡಗಿದಂತೆ ಕೇಳಿಸುವುದು. ಮನಸೂರರು ಆ ಕೊನೆಯ ಕರೆಯನ್ನು ಹಾಡಿ ನಿಲ್ಲಿಸಿದಾಗ ಉಳಿಯುವುದು ತಂಬೂರಿಯ ಶ್ರುತಿಯೊಂದೇ.