ಐವತ್ತೈದರ ಲೆಕ್ಕ
ನೆಲಮಂಗಲ ದಾಟಿದ ಕೂಡಲೇ ಕಾರನ್ನು 110ಕ್ಕೆ ಏರಿಸೋದು ನನ್ನ ಚಾಳಿ. ಊರು ಮುಟ್ಟೋಷ್ಟರಲ್ಲಿ ಮೈಲೇಜ್ 18ರಿಂದ 14ಕ್ಕೆ ಇಳಿದಿರುತ್ತೆ. ಪಕ್ಕದಲ್ಲಿ ಹಿಡಿ ಬಿಗಿಹಿಡಿದು ಕೂತ ಅಪ್ಪ, "ಎಲ್ಲಿ ಬೆಂಕಿ ಬಿದ್ದೈತೋ?" ಅಂತಾರೆ.

ಇದೇ ಮಾತನ್ನು ಅಮೆರಿಕ ಕಾನೂನು ಮಾಡಿಯೇ ಹೇಳಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅದಕ್ಕೆ ತೈಲ ನಿಲ್ಲಿಸಿದವು. ಬಂಕ್‌ಗಳ ಮುಂದೆ ನಮ್ಮೂರ ಸೊಸೈಟಿಯ ಸೀಮೆಎಣ್ಣೆ ಕ್ಯೂ ಥರದ್ದೇ ಸಾಲು. 1974ರ ಜನವರಿ 2ರಂದು ನಿಕ್ಸನ್ ಸಹಿ ಹಾಕಿದರು: ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ಮಿತಿ, ಅಂದ್ರೆ ಸುಮಾರು 88 ಕಿ.ಮೀ. ಒಪ್ಪದ ರಾಜ್ಯಕ್ಕೆ ಹೆದ್ದಾರಿ ಅನುದಾನ ಕಟ್.

ಲೆಕ್ಕವೇನೋ ಸರಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಆದ್ರೆ ಜನ ಕೇಳಬೇಕಲ್ಲ! ಪೆಟ್ರೋಲು ಉಳಿದದ್ದು ಅಂದುಕೊಂಡದ್ದಕ್ಕಿಂತ ಕಮ್ಮಿ. ಉಳಿದದ್ದು ಜೀವ. ರಸ್ತೆಯಲ್ಲಿ ಸತ್ತವರು 1973ರಲ್ಲಿ 54 ಸಾವಿರ, ಮರುವರ್ಷ 45 ಸಾವಿರ. (ಓಡಾಟವೇ ತಗ್ಗಿತ್ತು, ಅದೂ ಒಂದು ಕಾರಣ.) 1987ರಲ್ಲಿ ಊರಾಚೆಯ ಹೆದ್ದಾರಿಗಳಿಗೆ 65 ಆಯ್ತು, 1995ರಲ್ಲಿ ಕಾನೂನೇ ರದ್ದು.

ಕಳೆದ ವಾರ ನಾನೂ 88ರಲ್ಲೇ ಹೋದೆ. ಇಪ್ಪತ್ತು ನಿಮಿಷ ತಡ. ತುಮಕೂರು ಬರೋಷ್ಟರಲ್ಲಿ ಅಪ್ಪ ಹಿಡಿ ಬಿಟ್ಟು ನಿದ್ದೆ ಹೋಗಿದ್ರು.